ಮಗಳ ಊರಿಗೆ ಪರ್ಮಿಟ್ಟು

ಯಾರೂ ಕೇಳದಿದ್ದರೂ ಕಾಗದಪತ್ರ ತೋರಿಸುವ ಚಟವೊಂದು ನನಗಿದೆ. ಇದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆಯೇನಿಲ್ಲ. ಕುವೈತಿನಲ್ಲಿ ಕೂದಲು ಬೆಳ್ಳಗಾಗಿಸಿಕೊಂಡ ಯಾವ ಸಂಸಾರಸ್ಥನನ್ನು ಬೇಕಾದರೂ ಹಿಡಿದು ಅಲುಗಾಡಿಸಿ ನೋಡಿ, ಒಂದಷ್ಟು ಜೆರಾಕ್ಸ್ ಪ್ರತಿಗಳು ಉದುರದಿದ್ದರೆ ಕೇಳಿ. ನಮ್ಮ ಮನೆಯ ಬೀರುವಿನಲ್ಲಿ ಹೆಂಡತಿಯ ರೇಷ್ಮೆ ಸೀರೆಗಳ ಕೆಳಗಿನ ಅರೆಯಲ್ಲಿ ನೀಲಿ ಬಣ್ಣದ ದಪ್ಪ ಫೈಲೊಂದು ಮಲಗಿರುತ್ತದೆ. ಪಾಸ್‌ಪೋರ್ಟು, ಸಿವಿಲ್ ಐಡಿ, ಬಾಡಿಗೆ ಕರಾರು, ಸಂಬಳದ ಸರ್ಟಿಫಿಕೇಟು, ಎಲ್ಲದರ ಪ್ರತಿಗಳೂ ಅದರಲ್ಲಿವೆ. ಮದುವೆ ಸರ್ಟಿಫಿಕೇಟಿನ ಹಿಂದೆ ಮುಂದೆ ಎಷ್ಟು ಕಚೇರಿಗಳು ಮೊಹರು ಒತ್ತಿವೆಯೆಂದರೆ ಅದರಲ್ಲಿ ಮದುವೆಯಾದವರ ಹೆಸರು ಹುಡುಕಿ ತೆಗೆಯಬೇಕು. ಮನೆಗೆ ಬೆಂಕಿ ಬಿದ್ದರೆ ನೀವು ಮೊದಲು ಫೈಲು ಎತ್ತಿಕೊಂಡು ಓಡುತ್ತೀರಿ, ಆಮೇಲೆ ನನ್ನ ನೆನಪಾಗುತ್ತದೆ ಎಂದು ನನ್ನ ಹೆಂಡತಿ ವಸುಧಾ ಹೇಳುವುದುಂಟು. ಫೈಲಿಲ್ಲದೆ ನೀನು ನನ್ನ ಹೆಂಡತಿ ಅಂತ ನಂಬುವವರು ಯಾರು ಎಂದು ನಾನು ಕೇಳುತ್ತೇನೆ. ಅವಳು ಇಲ್ಲಿಯ ಶಾಲೆಯೊಂದರಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಇಂಥ ಮಾತಿಗೆಲ್ಲ ಉತ್ತರ ಕೊಡುತ್ತಾ ಕೂರುವುದಿಲ್ಲ.

ನಮಗೆ ಒಬ್ಬಳೇ ಮಗಳು, ಅನಘಾ. ಹುಟ್ಟಿದ್ದು ಇಲ್ಲೇ, ಗೋಡೆ ಹಿಡಿದು ಹೆಜ್ಜೆ ಹಾಕಿದ್ದು ಸಲ್ವಾ ಬಡಾವಣೆಯ ಇದೇ ಫ್ಲಾಟಿನ ಓಣಿಯಲ್ಲಿ. ಅವಳು ಇಲ್ಲಿರುವ ತನಕ ಕಾನೂನಿನ ಪ್ರಕಾರ ನಾನೇ ಅವಳ ಕಫೀಲ್. ಅಂದರೆ ಅವಳ ಪರವಾಗಿ ಸರ್ಕಾರಕ್ಕೆ ಜವಾಬು ಹೇಳುವವನು. ಅವಳ ಇಕಾಮಾ, ಎಂದರೆ ಇಲ್ಲಿ ವಾಸಿಸುವ ಪರವಾನಗಿ, ನನ್ನ ಇಕಾಮಾದ ಬಾಲ ಹಿಡಿದುಕೊಂಡಿತ್ತು. ಆಫೀಸಿನಲ್ಲಿ ನನಗೆ ನಡೆಯದ ಅಧಿಕಾರವನ್ನೆಲ್ಲ ನಾನು ಈ ಹುದ್ದೆಯಲ್ಲಿ ಚಲಾಯಿಸುತ್ತಿದ್ದೆ. ಗೆಳತಿಯ ಮನೆಗೆ ಹೋಗಬೇಕೆಂದರೆ ಅರ್ಜಿ ಹಾಕು ಎನ್ನುತ್ತಿದ್ದೆ. ಅವಳು ಸೊಂಟದ ಮೇಲೆ ಕೈಯಿಟ್ಟು "ಮಿಸ್ಟರ್ ಕಫೀಲ್, ಪ್ಲೀಸ್" ಎನ್ನುತ್ತಿದ್ದಳು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಇಲ್ಲಿಯ ಮಕ್ಕಳ ರೂಢಿ ಅವಳಿಗೂ ಇತ್ತು. ಆಮೇಲೆ ನರ್ಸಿಂಗ್ ಓದಿದಳು, ಆಸ್ಟ್ರೇಲಿಯಾಕ್ಕೆ ಹೋದಳು. ಅಲ್ಲಿ ಪೇಟೆಯ ಆಸ್ಪತ್ರೆ ಬೇಡವೆಂದು, ದೇಶದ ನಟ್ಟನಡುವೆ ಮೂಲನಿವಾಸಿಗಳ ಒಂದು ಸಣ್ಣ ಊರಿನ ಕ್ಲಿನಿಕ್ಕು ಸೇರಿದಳು. ಕೆಂಪು ಮಣ್ಣು, ಒಂದು ಅಂಗಡಿ, ಒಂದು ಶಾಲೆ, ಒಂದು ಕ್ಲಿನಿಕ್ಕು, ಇಷ್ಟೇ ಊರು. ಇಲ್ಲಿಯ ಪರಿಚಯದವರು ಮಗಳು ಸಿಡ್ನಿಯಲ್ಲಾ ಎಂದು ಕೇಳಿದರೆ, ಅಲ್ಲಿಂದ ಸ್ವಲ್ಪ ಒಳಗೆ ಎಂದು ಹೇಳುತ್ತೇನೆ. ಆ ಸ್ವಲ್ಪದಲ್ಲಿ ನಮ್ಮ ಕರ್ನಾಟಕದಂಥವು ಹಲವು ಹಿಡಿಸುತ್ತವೆ ಎಂಬುದನ್ನು ಹೇಳುವುದಿಲ್ಲ.

ಮೊದಮೊದಲು ಫೋನಿನಲ್ಲಿ ಅವಳ ದನಿ ಸಣ್ಣಗಿರುತ್ತಿತ್ತು. ಆಮೇಲೆ ಒಬ್ಬ ಮುದುಕಿಯ ಸುದ್ದಿ ಬರತೊಡಗಿತು. ಆಕೆ ದಿನಾ ಕ್ಲಿನಿಕ್ಕಿನ ಜಗಲಿಯಲ್ಲಿ ಬಂದು ಕೂರುತ್ತಾಳಂತೆ, ಕಾಯಿಲೆಯೇನಿಲ್ಲವಂತೆ. ಅನಘಾಳಿಗೆ ತಮ್ಮ ಭಾಷೆಯ ಮಾತು ಕಲಿಸುತ್ತಾಳಂತೆ, ತಪ್ಪು ಹೇಳಿದರೆ ನಗುತ್ತಾಳಂತೆ, ನೀನು ನನ್ನ ಮೊಮ್ಮಗಳು ಎಂದು ಎಲ್ಲರಿಗೂ ಹೇಳಿಬಿಟ್ಟಿದ್ದಾಳಂತೆ. ನೀನು ಬಹಳ ತೆಳ್ಳಗಿದ್ದೀಯೆ, ಊಟ ಮಾಡು ಎಂದು ಗದರಿಸುತ್ತಾಳಂತೆ. ತುಮಕೂರಿನಲ್ಲಿ ನನ್ನ ತಮ್ಮನ ಮನೆಯಲ್ಲಿರುವ ನನ್ನಮ್ಮನ ಮಾತೂ ಇದೇ ಆದ್ದರಿಂದ, ಅನಘಾ ಆಕೆಯನ್ನೂ ಅಜ್ಜಿ ಎಂದೇ ಕರೆಯುತ್ತಿದ್ದಳು. ಆ ಸುದ್ದಿ ಬಂದಮೇಲೆ ನಮಗೂ ಸರಿಯಾಗಿ ನಿದ್ದೆ ಹತ್ತತೊಡಗಿತು.

ಬೇಸಿಗೆ ರಜೆಗೆ ನಾವೇ ಅಲ್ಲಿಗೆ ಹೋಗುವುದೆಂದು ನಿಶ್ಚಯಿಸಿದೆವು. ಕುವೈತು ಕಾದ ಹೆಂಚಾಗಿರುವಾಗ ಅಲ್ಲಿ ಚಳಿಗಾಲ, ರಸ್ತೆಯೂ ಒಣಗಿರುತ್ತದೆ. ವಿಮಾನ ಇಳಿದು ಫೋರ್‌ವೀಲ್ ಗಾಡಿ ಬಾಡಿಗೆಗೆ ಹಿಡಿದು ನಾನೇ ಓಡಿಸುವುದು, ಇಲ್ಲಿಯ ಮರಳುಗಾಡಿನಲ್ಲಿ ಓಡಿಸಿದವನಿಗೆ ಅದೇನು ಮಹಾ ಎಂದು ನಾನು ಮೀಸೆ ತಿರುವಿದೆ. ನಾನು ಮರಳುಗಾಡಿನಲ್ಲಿ ಓಡಿಸಿದ್ದು ಒಂದೇ ಸಲ, ಆಗಲೂ ಗಾಡಿ ಹೂತು ಬೇರೆಯವರು ಎಳೆದು ತೆಗೆದಿದ್ದರು ಎಂಬ ವಿವರವನ್ನು ವಸುಧಾ ಕೂಡಲೇ ಸೇರಿಸಿದಳು. ಅಷ್ಟರಲ್ಲಿ ಅನಘಾ ಇನ್ನೊಂದು ವಿಷಯ ತಿಳಿಸಿದಳು. ಆ ನೆಲ ಮೂಲನಿವಾಸಿಗಳದ್ದು. ಅದರ ಮೇಲೆ ಹಾದುಹೋಗಲು ಪರ್ಮಿಟ್ಟು ಬೇಕು. ಅವರ ಊರಿನಲ್ಲಿ ಉಳಿಯುವುದಾದರೆ ಊರಿನ ಹಿರಿಯರೂ ಒಪ್ಪಬೇಕು.

ನನಗೆ ಸಿಟ್ಟು ಬಂತು. ಕುವೈತಿನಿಂದ ಹೊರಡಲು ಈಗ ಕಂಪನಿಯಿಂದ ಎಕ್ಸಿಟ್ ಪರ್ಮಿಟ್ ತೆಗೆದುಕೊಳ್ಳಬೇಕು, ಆಸ್ಟ್ರೇಲಿಯಾಕ್ಕೆ ವೀಸಾ ಬೇಕು, ಅದಾದ ಮೇಲೆ ರಸ್ತೆಗೂ ಒಂದು ಪರ್ಮಿಟ್ಟೇ? ನಾನು ಹೆತ್ತ ಮಗಳನ್ನು ನೋಡಲು ಇನ್ನೊಬ್ಬರ ಅಪ್ಪಣೆ ಯಾಕೆ ಎಂದು ಊಟದ ಮೇಜಿನ ಮುಂದೆ ಸಣ್ಣದೊಂದು ಭಾಷಣ ಮಾಡಿದೆ. ವಸುಧಾ ಸಾರು ಬಡಿಸುತ್ತಾ, "ಮಗಳನ್ನ ನೋಡೋಕಲ್ಲ ರೀ, ಅವರ ಮನೆಗೆ ಹೋಗೋಕೆ" ಎಂದಳು. ನನ್ನ ಭಾಷಣದಲ್ಲಿ ಇನ್ನೂ ಅರ್ಧ ಬಾಕಿಯಿತ್ತು. ಸಾರು ಆರಿಹೋಗುತ್ತದೆಂದು ಅಲ್ಲಿಗೇ ಬಿಟ್ಟೆ.

ಅರ್ಜಿ ಹಾಕಲು ಕುಳಿತವನಿಗೆ ನಿರಾಸೆಯಾಯಿತು. ಹೆಸರು, ಗಾಡಿ ಯಾವುದು, ಯಾವ ದಿನ, ಯಾಕೆ, ಇಷ್ಟೇ ಕೇಳಿದ್ದರು. ಶುಲ್ಕವೂ ಇಲ್ಲ. ನಮ್ಮಂಥವರಿಗೆ ಇಷ್ಟು ಸುಲಭವಾದದ್ದರ ಮೇಲೆ ನಂಬಿಕೆ ಬರುವುದಿಲ್ಲ. ನೀಲಿ ಫೈಲು ಹೊರತೆಗೆದೆ. ಸಂಬಳದ ಸರ್ಟಿಫಿಕೇಟು, ಬಾಡಿಗೆ ಕರಾರು, ಅನಘಾಳ ಜನನ ಪತ್ರ, ಮೊಹರು ಸಮೇತ ಮದುವೆ ಸರ್ಟಿಫಿಕೇಟು, ನೀಲಿ ಹಿನ್ನೆಲೆಯ ಫೋಟೋ, ಎಲ್ಲವನ್ನೂ ಸ್ಕ್ಯಾನ್ ಮಾಡಿ ಕಳಿಸಿದೆ. ಜೊತೆಗೆ ದಯವಿಟ್ಟು ನಿರಾಕ್ಷೇಪಣಾ ಪತ್ರ ನೀಡಿ ಉಪಕರಿಸಬೇಕೆಂದು ಕೋರಿ ಒಂದು ವಿನಮ್ರ ಪತ್ರ. ಪರ್ಮಿಟ್ಟು ಕೊಡುವ ಕಚೇರಿಯ ಹೆಂಗಸೊಬ್ಬರು ಉತ್ತರ ಬರೆದರು. ರಸ್ತೆಯ ಪರ್ಮಿಟ್ಟು ಇದರೊಂದಿಗಿದೆ, ನಿಮ್ಮ ಸಂಬಳ ನಮಗೆ ಬೇಕಿರಲಿಲ್ಲ, ಮದುವೆ ಸರ್ಟಿಫಿಕೇಟಿನ ಫೋಟೋದಲ್ಲಿ ನಿಮ್ಮ ಪತ್ನಿ ಬಹಳ ಸಂತೋಷವಾಗಿ ಕಾಣುತ್ತಾರೆ, ಊರಿನಲ್ಲಿ ಉಳಿಯುವ ಬಗ್ಗೆ ಹಿರಿಯರನ್ನು ಕೇಳಿ ಹೇಳುತ್ತೇವೆ ಎಂದಿತ್ತು. ಕೆಳಗೆ ಷರತ್ತುಗಳು. ರಸ್ತೆ ಬಿಟ್ಟು ಆಚೀಚೆ ಹೋಗಬಾರದು, ಕೇಳದೆ ಯಾರ ಫೋಟೋವನ್ನೂ ತೆಗೆಯಬಾರದು, ಮದ್ಯ ಒಯ್ಯಬಾರದು. ಕುವೈತಿನಲ್ಲಿ ಇಷ್ಟು ವರ್ಷ ಕಳೆದವನಿಗೆ ಕೊನೆಯದನ್ನು ಷರತ್ತು ಎನ್ನುತ್ತಾರೆಯೇ? ವಸುಧಾ ಮಾತ್ರ ಆ ಪತ್ರವನ್ನು ಎರಡು ಸಲ ಓದಿ, ನೋಡಿದಿರಾ, ಎಷ್ಟು ಒಳ್ಳೆಯ ಜನ ಎಂದಳು.

ಹಿರಿಯರ ಉತ್ತರ ಬರುವುದು ತಡವಾಯಿತು. ನನ್ನ ಕಳವಳವನ್ನು ಹಮೀದಣ್ಣನ ಹತ್ತಿರ ಹೇಳಿಕೊಂಡೆ. ಹಮೀದಣ್ಣ ಬಂಟ್ವಾಳದ ಕಡೆಯ ಬ್ಯಾರಿ, ಶುವೈಖ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ಅವರದು ಗಾಡಿಗಳ ಬಿಡಿಭಾಗದ ಅಂಗಡಿ. ನಮ್ಮ ಆಫೀಸೂ ಅದೇ ಬೀದಿಯಲ್ಲಿದೆ. ಅನಘಾ ಚಿಕ್ಕವಳಿದ್ದಾಗ ಅವಳ ಸೈಕಲ್ಲಿಗೆ ಅವರೇ ಎಲ್ಲಿಂದಲೋ ಗಂಟೆ ತಂದು ಹಾಕಿಕೊಟ್ಟಿದ್ದರು. ಅವರ ಪ್ರಕಾರ ಲೋಕದಲ್ಲಿ ಆಗದ ಕೆಲಸವೆಂಬುದಿಲ್ಲ, ವಾಸ್ತಾ ಸಿಗದ ಕೆಲಸ ಮಾತ್ರ ಇರುವುದು. ವಾಸ್ತಾ ಎಂದರೆ ಇಲ್ಲಿಯ ಮಾತಿನಲ್ಲಿ ವಶೀಲಿ, ಒಳಗಿನವರ ಪರಿಚಯ. ನಾನು ಮೂಲನಿವಾಸಿಗಳ ಹಿರಿಯರ ವಿಷಯ ಹೇಳಿದ್ದನ್ನು ಕೇಳಿ ಅವರು ಚಹಾದ ಲೋಟ ಕೆಳಗಿಟ್ಟು ಯೋಚಿಸಿದರು. "ಸಾರ್, ನೀವು ಟೆನ್ಶನ್ ಮಾಡುದು ಬೇಡ. ನನ್ನ ಭಾವನ ದೋಸ್ತಿ ಒಬ್ಬ ಮೆಲ್ಬರ್ನಿನಲ್ಲಿ ಇದ್ದಾನೆ, ಕೋಳಿ ಅಂಗಡಿ. ಕೇಳಿ ನೋಡುವ" ಎಂದರು. ಮೆಲ್ಬರ್ನಿನ ಕೋಳಿ ಅಂಗಡಿಯವನಿಗೂ ಆ ಕೆಂಪು ಮಣ್ಣಿಗೂ, ಕುವೈತಿಗೂ ಕಾಶಿಗೂ ಇರುವಷ್ಟು ಅಂತರವಿದೆ ಎಂದು ನನಗೆ ಗೊತ್ತಿತ್ತು. ಆದರೂ ಒಳಗೊಳಗೇ ಸಮಾಧಾನವಾಯಿತು. ಆಮೇಲೆ ಅನಘಾಳಿಗೇ ಫೋನ್ ಮಾಡಿ, ನೀನು ಒಳಗಿನವಳಲ್ಲವೇ, ಒಂದು ಮಾತು ಹೇಳಬಾರದೇ ಎಂದೆ. ನಾನೂ ಇಲ್ಲಿ ಅವರ ಅಪ್ಪಣೆಯಿಂದಲೇ ಇರುವವಳು ಪಪ್ಪಾ, ಇಲ್ಲಿ ಹಾಗೆಲ್ಲ ಮಾಡಬಾರದು ಎಂದು ಅವಳು ಇಂಗ್ಲಿಷಿನಲ್ಲಿ ನನಗೆ ಬುದ್ಧಿ ಹೇಳಿದಳು.

ಒಂದು ಶುಕ್ರವಾರ ಬೆಳಿಗ್ಗೆ ಅವಳ ಫೋನು ಬಂತು. ಹಲೋ ಎಂದೆ. ಅವಳು ಕನ್ನಡದಲ್ಲಿ, "ಅಜ್ಜಿ ಹೋಗ್ಬಿಟ್ರು, ಪಪ್ಪಾ" ಎಂದಳು.

ಮಗಳು ತಾನಾಗಿ ಕನ್ನಡದಲ್ಲಿ ಮಾತಾಡಿದ್ದೇ ನನ್ನ ಎದೆ ನಡುಗಿಸಲು ಸಾಕಾಗಿತ್ತು. ನನಗೆ ನೆನಪಾದದ್ದು ತುಮಕೂರು. ಅಲ್ಲೇ ಸೋಫಾದ ಮೇಲೆ ಕುಳಿತೆ. ಅವಳು ಅಳುತ್ತಲೇ ಮುಂದೆ ಹೇಳಿದ ಮೇಲೆ ಗೊತ್ತಾಯಿತು, ಹೋದದ್ದು ಜಗಲಿಯ ಅಜ್ಜಿ. ನನಗೆ ಒಂದು ಕ್ಷಣ ಹಾಯೆನಿಸಿತು. ಹಾಗೆ ಅನಿಸಿದ್ದಕ್ಕೆ, ಅವಳ ಅಳು ಕೇಳುತ್ತಾ ಕೇಳುತ್ತಾ, ಬಹಳ ಸಂಕೋಚವೂ ಆಯಿತು. ಊರಿಗೆ ಊರೇ ದುಃಖದಲ್ಲಿದೆಯಂತೆ. ಕೆಲವು ವಾರ ಹೊರಗಿನವರು ಯಾರೂ ಬರುವ ಹಾಗಿಲ್ಲವಂತೆ. ಅಷ್ಟೇ ಅಲ್ಲ, ತೀರಿಕೊಂಡವರ ಹೆಸರನ್ನೂ ಈಗ ಬಾಯಲ್ಲಿ ಹೇಳಬಾರದಂತೆ. ಆದ್ದರಿಂದ ಅಜ್ಜಿ ಎಂಬ ಮಾತೊಂದೇ ಅವಳಿಗೆ ಉಳಿದಿತ್ತು.

ಫೋನಿಟ್ಟ ಮೇಲೆ ನಾನು ಲೆಕ್ಕಾಚಾರಕ್ಕಿಳಿದೆ. ರಜೆ ಮಂಜೂರಾಗಿದೆ, ಎಕ್ಸಿಟ್ ಪರ್ಮಿಟ್ಟಿನಲ್ಲಿ ತಾರೀಖು ಕೂತಿದೆ, ಈಗ ತಪ್ಪಿದರೆ ಮುಂದಿನ ಬೇಸಿಗೆಯವರೆಗೂ ಮಗಳ ಮುಖ ಕಾಣುವಂತಿಲ್ಲ. ಆ ಅಳುವ ದನಿ ಕೇಳಿದ ಮೇಲೆ ಮುಂದಿನ ಬೇಸಿಗೆ ಎಂಬುದು ನನ್ನಿಂದಾಗದ ಮಾತು. ಕಚೇರಿಯ ಆ ಹೆಂಗಸಿಗೆ ಇನ್ನೊಂದು ವಿನಮ್ರ ಪತ್ರ ಬರೆದು, ನಾವು ಮಗಳ ಕೋಣೆಯಲ್ಲೇ ಕುಳಿತಿರುತ್ತೇವೆ, ಯಾರಿಗೂ ತೊಂದರೆ ಕೊಡುವುದಿಲ್ಲ ಎಂದು ಕೇಳೋಣವೇ ಎಂದೆ. ವಸುಧಾ ಆಗಷ್ಟೇ ತಲೆಗೆ ನೀರು ಹಾಕಿಕೊಂಡು ಬಂದು ಕೂದಲಿಗೆ ಟವೆಲ್ ಸುತ್ತುತ್ತಿದ್ದಳು. ಶುಕ್ರವಾರದ ಸ್ನಾನ ಎಂದುಕೊಂಡೆ.

"ಸೂತಕದ ಮನೆಗೆ ಬರ್ಲಾ ಅಂತ ಕೇಳ್ತೀರಾ?" ಎಂದಳು.

ಅಷ್ಟೇ ಹೇಳಿದ್ದು. ಇಷ್ಟು ದಿನ ಪರ್ಮಿಟ್ಟು, ಷರತ್ತು, ಕಚೇರಿ ಎಂದು ನಾನು ಯಾವುದನ್ನು ಬೈದುಕೊಂಡಿದ್ದೆನೋ ಅದನ್ನು ಅವಳು ಒಂದೇ ಮಾತಿನಲ್ಲಿ ತುಮಕೂರಿನ ನಮ್ಮ ಬೀದಿಗೆ ತಂದು ನಿಲ್ಲಿಸಿಬಿಟ್ಟಳು. ನಮ್ಮ ಬೀದಿಯಲ್ಲಿ ಒಂದು ಮನೆಯಲ್ಲಿ ಸಾವಾದರೆ ಪಕ್ಕದ ಮನೆಯ ರೇಡಿಯೋ ಕೂಡ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಬಾಗಿಲು ತೆರೆದಿದ್ದರೂ ನೆಂಟರು ಊಟಕ್ಕೆ ಹೋಗುತ್ತಿರಲಿಲ್ಲ. ಅದಕ್ಕೆ ಯಾರೂ ಬೋರ್ಡು ಹಾಕಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ನಾನು ಲ್ಯಾಪ್‌ಟಾಪ್ ಮುಚ್ಚಿದೆ.

ಉಳಿದದ್ದು ಒಂದೇ ದಾರಿ, ರಜೆಯನ್ನು ಮುಂದಕ್ಕೆ ಹಾಕಿಸಿಕೊಳ್ಳುವುದು. ಭಾನುವಾರ ನಮ್ಮ ಮ್ಯಾನೇಜರ್ ಅಬು ಖಾಲಿದರ ಮುಂದೆ ನಿಂತೆ. ರಜೆಯ ತಾರೀಖು ಬದಲಿಸುವುದೆಂದರೆ ಅವರಿಗೆ ಹಲ್ಲುನೋವು ಬಂದ ಹಾಗೆ. ಯಾಕೆ ಎಂದು ಕೇಳಿದರು. ಪೂರ್ತಿ ಕಥೆ ಹೇಳಲು ಹೊರಟವನು ಎಲ್ಲಿಂದ ಶುರುಮಾಡುವುದೆಂದು ತಿಳಿಯದೆ ತಡವರಿಸಿದೆ. ಹೆಸರು ಹೇಳುವಂತಿಲ್ಲ, ಯಾರೆಂದು ಹೇಳುವುದು? ಕೊನೆಗೆ ಬಾಯಿಗೆ ಬಂದದ್ದನ್ನು ಇಂಗ್ಲಿಷಿನಲ್ಲಿ ಹೇಳಿದೆ: ನನ್ನ ಮಗಳ ಅಜ್ಜಿ ತೀರಿಕೊಂಡರು. ಅಬು ಖಾಲಿದ್ ಕುರ್ಚಿಯಿಂದ ಎದ್ದರು. ನನ್ನ ಭುಜ ಹಿಡಿದು, ಅಲ್ಲಾ ಆಕೆಯ ಮೇಲೆ ಕರುಣೆಯಿಡಲಿ ಎಂದು ಅರಬ್ಬಿಯಲ್ಲಿ ಹೇಳಿದರು. ಅವರ ಕಣ್ಣು ತುಂಬಿತ್ತು. ನಾನು ಏನೋ ಹೇಳುವ ಮೊದಲೇ ತಾರೀಖು ಬದಲಿಸಲು ಹೇಳಿ, ಇವತ್ತು ಮನೆಗೆ ಹೋಗು, ಖಲಾಸ್ ಎಂದು ಕಳಿಸಿಕೊಟ್ಟರು. ಲಿಫ್ಟಿನಲ್ಲಿ ಇಳಿಯುವಾಗ ನನಗೆ ಹೊಳೆಯಿತು. ಮಗಳ ಅಜ್ಜಿ ಎಂದರೆ ಲೋಕದ ಲೆಕ್ಕದಲ್ಲಿ ಇಬ್ಬರೇ, ಒಂದೋ ನನ್ನ ತಾಯಿ, ಇಲ್ಲವೇ ನನ್ನ ಅತ್ತೆ. ಅತ್ತೆ ತೀರಿಕೊಂಡು ಬಹಳ ವರ್ಷಗಳಾಗಿವೆ, ಅದು ಆಫೀಸಿನವರಿಗೆಲ್ಲ ಗೊತ್ತಿದೆ. ತಿರುಗಿ ಮೇಲೆ ಹೋಗಿ ನನ್ನ ತಾಯಿ ಬದುಕಿದ್ದಾರೆ ಎಂದು ಹೇಳುವುದು ಹೇಗೆ? ನಾಳೆ ಹೇಳೋಣವೆಂದು ಹೇಡಿಯ ಹಾಗೆ ಮನೆಗೆ ಬಂದೆ.

ಸುದ್ದಿ ನಾಳೆಯವರೆಗೆ ಕಾಯಲಿಲ್ಲ. ಸಂಜೆ ಬಾಗಿಲು ಬಡಿದವರು ಹಮೀದಣ್ಣ. ಅವರ ಹಿಂದೆ ಆಫೀಸಿನ ಕೆಲವರು. ಹಮೀದಣ್ಣನ ಕೈಯಲ್ಲಿ ಹಣ್ಣಿನ ದೊಡ್ಡ ಬುಟ್ಟಿ, ಇವತ್ತು ನಿಮ್ಮ ಮನೆಯಲ್ಲಿ ಒಲೆ ಹಚ್ಚುವುದು ಬೇಡವೆಂದು ಅವರ ಮನೆಯವರು ಮಾಡಿ ಕಳಿಸಿದ ತರಕಾರಿ ಪಲಾವಿನ ಪಾತ್ರೆ. ಅವರು ನನ್ನನ್ನು ಅಪ್ಪಿಕೊಂಡು ಬೆನ್ನು ಸವರಿದರು. ನನ್ನ ತಂದೆ ಹೋದಾಗಲೂ ಹೀಗೇ ಬಂದು ಕುಳಿತಿದ್ದರು. ಎಲ್ಲವನ್ನೂ ಹೇಳಿಬಿಡಬೇಕೆಂದು ಬಾಯಿ ತೆರೆದೆ, ಅಮ್ಮ ಎಂಬಲ್ಲಿಗೇ ಮಾತು ನಿಂತಿತು. ಅದನ್ನು ಅವರು ದುಃಖವೆಂದು ತಿಳಿದು ಇನ್ನಷ್ಟು ಬೆನ್ನು ಸವರಿದರು. ವಸುಧಾ ನೀರು ತಂದಿಟ್ಟು, ಇವರೆಲ್ಲ ಯಾಕೆ ಬಂದರೆಂದು ಕಣ್ಣಿನಲ್ಲೇ ಕೇಳಿದಳು. ಅಷ್ಟರಲ್ಲಿ ಟೀಪಾಯಿಯ ಮೇಲಿದ್ದ ನನ್ನ ಫೋನು ಮೊಳಗಿತು, ವೀಡಿಯೋ ಕರೆ. ಪರದೆಯ ತುಂಬ ನನ್ನ ತಾಯಿಯ ನಗುಮುಖ, ಅದರ ಕೆಳಗೆ ದಪ್ಪಕ್ಷರದಲ್ಲಿ "ಅಮ್ಮ". ಫೋನು ಇದ್ದದ್ದು ಹಮೀದಣ್ಣನ ಮುಂದೆ. ಅವರಿಗೆ ಕನ್ನಡ ಚೆನ್ನಾಗಿ ಓದಲು ಬರುತ್ತದೆ.

ಅವರು ಫೋನನ್ನು ನೋಡಿದರು, ನನ್ನನ್ನು ನೋಡಿದರು. ಬಹಳ ಮೆಲ್ಲಗೆ, "ಸಾರ್, ತೆಗೀರಿ. ಕರೆಯುವಾಗ ತೆಗೆಯದಿದ್ರೆ ಆಗ್ಲಿಕ್ಕಿಲ್ಲ" ಎಂದರು.

ತೆಗೆದೆ. ಅಮ್ಮ ಎಂದಿನಂತೆ ಫೋನನ್ನು ಹಣೆಗೆ ಹತ್ತಿರ ಹಿಡಿದು, ಯಾಕೋ ಮನೆ ತುಂಬ ಜನ, ಏನು ವಿಶೇಷ ಎಂದಳು. ಇನ್ನು ಮುಚ್ಚಿಡಲು ಏನಿತ್ತು? ಎಲ್ಲರೆದುರಿಗೂ ಪೂರ್ತಿ ಕಥೆ ಹೇಳಿದೆ. ಜಗಲಿಯ ಅಜ್ಜಿ, ಹೇಳಬಾರದ ಹೆಸರು, ಮ್ಯಾನೇಜರ ಮುಂದೆ ನನ್ನ ಬಾಯಿಗೆ ಬಂದ ಮಾತು. ಆಫೀಸಿನವರೊಬ್ಬರು ಕೆಮ್ಮಿದರು. ಹಮೀದಣ್ಣ ನಗು ತಡೆಯಲು ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು. ಬದುಕಿರುವವಳನ್ನು ಸಾಯಿಸಿದೆಯಲ್ಲೋ ಎಂದು ಅಮ್ಮ ಬೈಯುತ್ತಾಳೆಂದು ನಾನು ತಲೆತಗ್ಗಿಸಿ ಕಾಯುತ್ತಿದ್ದೆ. ಅಮ್ಮ ಬೈಯಲಿಲ್ಲ.

"ನಮ್ಮ ಮಗೂನ ಮೊಮ್ಮಗಳು ಅಂದೋಳು ಅಂದಮೇಲೆ ನಂಟೇ ಅಲ್ವೇನೋ" ಎಂದಳು. "ಸ್ನಾನ ಮಾಡ್ದಾ?"

ಅಷ್ಟರಲ್ಲಿ ಅಡಿಗೆಮನೆಯಿಂದ ವಸುಧಾಳ ದನಿ ಬಂತು, "ನಾನು ಅವತ್ತೇ ಮಾಡಿದೆ ಅತ್ತೆ. ಇವರು ಮಾಡಿಲ್ಲ." ಆಗಷ್ಟೇ ನನಗೆ ಶುಕ್ರವಾರದ ಒದ್ದೆಕೂದಲಿನ ಅರ್ಥವಾಯಿತು. ಅಮ್ಮ, ಸರಿ, ನಾನು ನೀರು ಹಾಕ್ಕೊಂಡು ಬರ್ತೀನಿ, ನೀನೂ ಏಳು ಎಂದು ಫೋನಿಟ್ಟಳು. ತುಮಕೂರಿನಲ್ಲಿ ಆಗಲೇ ಕತ್ತಲಾಗಿತ್ತು, ಅವಳಿಗೆ ಮಂಡಿನೋವು ಬೇರೆ. ತಾನು ಕಂಡರಿಯದ ಒಬ್ಬ ಹೆಂಗಸಿಗಾಗಿ ನನ್ನ ತಾಯಿ ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುತ್ತಿರುವುದು ನನಗೆ ಕಂಡಂತಾಯಿತು. ಆಗ ನನಗೆ ನಿಜವಾಗಿ ಅಳು ಬಂತು. ಹಮೀದಣ್ಣ ಮತ್ತೆ ಬೆನ್ನು ಸವರಿದರು, ಈ ಸಲ ಸರಿಯಾದ ಕಾರಣಕ್ಕೆ.

ಬಂದವರನ್ನು ಕೂರಿಸಿಯೇ ಬಚ್ಚಲಿಗೆ ಹೋದೆ. ಇಂಥ ಸ್ನಾನವನ್ನು ತಣ್ಣೀರಿನಲ್ಲಿ ಮಾಡಬೇಕು. ಕುವೈತಿನ ಬೇಸಿಗೆಯಲ್ಲಿ ತಣ್ಣೀರಿನ ನಲ್ಲಿಯಲ್ಲಿ ಬರುವುದು ತಾರಸಿಯ ತೊಟ್ಟಿಯಲ್ಲಿ ಬಿಸಿಲಿಗೆ ಬೆಂದ ನೀರು. ತಣ್ಣೀರು ಬೇಕಾದರೆ ಗೀಸರು ಆರಿಸಿಟ್ಟು, ಮನೆಯೊಳಗೆ ಅದರಲ್ಲಿ ತಣಿದ ನೀರಿಗಾಗಿ ಬಿಸಿನೀರಿನ ನಲ್ಲಿ ತಿರುಗಿಸಬೇಕು, ಅದರಲ್ಲಿದ್ದದ್ದೂ ಆ ಹೊತ್ತಿಗೆ ಮುಗಿದಿತ್ತು. ಸುಡುಸುಡು ಬಕೆಟ್ಟಿಗೆ ವಸುಧಾ ಫ್ರಿಜ್ಜಿನ ಐಸು ತಂದು ಸುರಿದಳು. ತಲೆಯ ಮೇಲೆ ನೀರು ಹಾಕಿಕೊಳ್ಳುವಾಗ ಏನಾದರೂ ಹೇಳಬೇಕೆನಿಸಿತು. ಹೆಸರು ಹೇಳಬಾರದಲ್ಲ, ಅಜ್ಜಿ ಎಂದೆ. ನನ್ನ ಮಗಳಿಗೆ ಊಟ ಮಾಡು ಎಂದು ಗದರಿಸಿದ್ದಕ್ಕೆ ನನ್ನ ನಮಸ್ಕಾರ ಎಂದೆ.

ಮರುದಿನ ಅಬು ಖಾಲಿದರಿಗೂ ನಿಜ ತಿಳಿಸಿದೆ. ಅವರು, ಆಕೆ ನಿನ್ನ ಮಗಳನ್ನು ನೋಡಿಕೊಂಡಳೇ ಎಂದು ಕೇಳಿದರು. ಹೌದೆಂದೆ. ಹಾಗಾದರೆ ತಾರೀಖು ಹಾಗೇ ಇರಲಿ, ನಿನ್ನ ತಾಯಿಗೆ ನನ್ನ ಸಲಾಂ ಹೇಳು ಎಂದರು.

ಕೆಲವು ವಾರ ಕಳೆದ ಮೇಲೆ ಅನಘಾಳ ಫೋನು ಬಂತು. ತುಮಕೂರಿನ ಅಜ್ಜಿಯ ಸ್ನಾನದ ವಿಷಯವನ್ನು ವಸುಧಾ ಅವಳಿಗೆ ಹೇಳಿದ್ದಳು, ಅವಳು ಅದನ್ನು ಹೋದವರ ತಂಗಿಗೆ ಹೇಳಿದ್ದಳು. ಆಕೆ ಮೊದಲು ನಕ್ಕರಂತೆ, ಆಮೇಲೆ ಅನಘಾಳ ಕೈ ಹಿಡಿದುಕೊಂಡರಂತೆ. ಈಗ ಊರಿನ ಬಾಗಿಲು ತೆರೆದಿದೆ, ಹಿರಿಯರು ಒಪ್ಪಿದ್ದಾರೆ. "ನೀರು ಹಾಕ್ಕೊಂಡವರು ಬರ್ಲಿ ಅಂತ ಹೇಳಿದ್ರು, ಪಪ್ಪಾ" ಎಂದು ಅನಘಾ ಕನ್ನಡದಲ್ಲೇ ಹೇಳಿದಳು. ಆಮೇಲೆ ಮೂಗು ಒರೆಸಿಕೊಂಡು ಇಂಗ್ಲಿಷಿಗೆ ತಿರುಗಿ, ಈ ಸಲ ನಾನೇ ನಿಮ್ಮ ಕಫೀಲ್, ಹೇಳಿದ ಹಾಗೆ ಕೇಳಬೇಕು ಎಂದಳು.

ಪರ್ಮಿಟ್ಟು ಕೊನೆಗೂ ಹೇಗೆ ಸಿಕ್ಕಿತು ಎಂದು ಹಮೀದಣ್ಣ ಕೇಳಿದರು. ಮೆಲ್ಬರ್ನಿನ ಕೋಳಿ ಅಂಗಡಿಯವನು ಇನ್ನೂ ಪ್ರಯತ್ನದಲ್ಲಿದ್ದಾನಂತೆ. ಅಮ್ಮನ ವಾಸ್ತಾ ಎಂದೆ. ನಾಳೆ ಹೊರಡುತ್ತಿದ್ದೇವೆ. ಅಭ್ಯಾಸಬಲದಿಂದ ನೀಲಿ ಫೈಲನ್ನು ಪೆಟ್ಟಿಗೆಯಲ್ಲಿಟ್ಟೆ, ವಸುಧಾ ಅದನ್ನು ತೆಗೆದು ಅಲ್ಲಿ ಖರ್ಜೂರದ ಡಬ್ಬಿಗಳನ್ನಿಟ್ಟಳು. ಅವಳು ಅತ್ತ ಹೋದಾಗ ನಾನು ಫೈಲನ್ನು ಕೈಚೀಲಕ್ಕೆ ತುರುಕಿಕೊಂಡಿದ್ದೇನೆ. ಆದರೂ ಮನಸ್ಸಿಗೆ ನೆಮ್ಮದಿಯಿಲ್ಲ. ಸಂಬಳಕ್ಕೆ ಸರ್ಟಿಫಿಕೇಟು ಇದೆ, ಮದುವೆಗೆ ಇದೆ, ಮಗಳು ಹುಟ್ಟಿದ್ದಕ್ಕೆ ಇದೆ. ನಮ್ಮನ್ನು ಒಳಗೆ ಬಿಡಿಸಿದ ಆ ಬಕೆಟ್ಟು ನೀರಿಗೆ ಮಾತ್ರ ಯಾವ ದಾಖಲೆಯೂ ಇಲ್ಲ. ದಾರಿಯಲ್ಲಿ ಯಾರಾದರೂ ಕೇಳಿದರೆ ಏನು ತೋರಿಸಲಿ?